ರುಗ್ಣಶಯ್ಯೆಯಲ್ಲಿ ವ್ರತಪಾಲನೆ

ಕನ್ನಡ ನಾಡಿನ ಪ್ರಾಚೀನ ಜೈನ ತೀರ್ಥಗಳಲ್ಲಿ ಕೊಪಣದ ಸ್ಥಾನ ಹಿರಿದು. ಇಂದಿನ ಕೊಪ್ಪಳವೇ ಅಂದಿನ ಕೊಪಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಈ ನಗರವನ್ನು ಹೆಸರಿಸಿದೆ. ಇಲ್ಲಿಯ ಬೆಟ್ಟಗುಡ್ಡಗಳ ಬಂಡೆಗಳ ಮೇಲೆ ವ್ರತಿಗಳ ಹೆಸರುಗಳು ಇಂದಿಗೂ ಉಳಿದಿವೆ. ಶಕ ವರ್ಷ 803ರ, ಎಂದರೆ ಕ್ರಿ.ಶ. 881ರ ಶಾಸನವೊಂದು, ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಇಲ್ಲಿ ನೆಲೆಸಿ, ಊರವರಿಗೆ ಶಾಸ್ತ್ರವನ್ನು ಬೋಧಿಸಿ, ತಪಸ್ಸನ್ನಾಚರಿಸಿ, ಸಂನ್ಯಸನ ವಿಧಿಯಿಂದ ದೇಹವನ್ನು ಬಿಟ್ಟರೆಂದು ತಿಳಿಸುತ್ತದೆ. ಪಾಲ್ಕಿಗುಂಡು ಬೆಟ್ಟದ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಕೆತ್ತಿಸಿದ್ದಾನೆ. ವರಾಂಗಚರಿತವನ್ನು ಬರೆದ ಮಹಾಕವಿ ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಇಂತಹ ನೆಲದಲ್ಲಿ ಬಾಳುವ ಶ್ರಾವಕರಿಗೆ ಉಪವಾಸವು ಹೊಸತಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದಿಗಂಬರ ಜೈನರ ಮನೆಗಳು ಇಂದು ವಿರಳವಾಗಿದ್ದರೂ, ಇದ್ದ ಮನೆಗಳಲ್ಲಿ ಅಷ್ಟಮಿ ಚತುರ್ದಶಿಗಳ ನಿಯಮ, ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿ ಕಾಯಿಸಿದ ನೀರು, ಭಾದ್ರಪದದ ದಶಲಕ್ಷಣ ಪರ್ವ, ಅನಂತನ ನೋಂಪಿ ಇವು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಸ್ವತ್ತುಗಳಾಗಿವೆ. ಆರೋಗ್ಯವಂತನಿಗೆ ಇವು ಭಾರವೆನಿಸುವುದಿಲ್ಲ. ಆದರೆ ಮನೆಯೊಳಗೆ ಒಂದು ಕಠಿಣ ವ್ಯಾಧಿ ಕಾಲಿಟ್ಟಾಗ, ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆ ಆರಂಭವಾದಾಗ, ಒಂದು ಪ್ರಶ್ನೆ ತಾನಾಗಿ ಎದುರು ಬಂದು ನಿಲ್ಲುತ್ತದೆ. ವ್ರತವನ್ನು ಉಳಿಸಿಕೊಂಡರೆ ದೇಹ ಉಳಿಯದು. ದೇಹವನ್ನು ಉಳಿಸಿಕೊಳ್ಳಹೋದರೆ ವ್ರತ ಉಳಿಯದು ಎಂಬಂತೆ ತೋರುವ ಈ ಸಂಕಟದಲ್ಲಿ ಧರ್ಮವು ಏನನ್ನು ಹೇಳುತ್ತದೆ?

ಪ್ರಶ್ನೆಯು ಸ್ಪಷ್ಟವಾಗುವ ಸಲುವಾಗಿ, ಈ ಸೀಮೆಯ ಯಾವುದೇ ಊರಿನಲ್ಲಿ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಐವತ್ತೈದು ವಯಸ್ಸಿನ ಗೃಹಿಣಿ. ಇಪ್ಪತ್ತು ವರ್ಷಗಳಿಂದ ರಾತ್ರಿ ಭೋಜನವನ್ನು ತ್ಯಜಿಸಿದವಳು. ದಶಲಕ್ಷಣದಲ್ಲಿ ಏಕಭುಕ್ತ, ಅನಂತ ಚತುರ್ದಶಿಗೆ ನಿರಾಹಾರ. ಅವಳಿಗೆ ಎದೆಯ ಕ್ಯಾನ್ಸರ್ ಎಂದು ನಿರ್ಣಯವಾಗುತ್ತದೆ. ಗದಗಿನ ಮೇಲಿಂದ ಹುಬ್ಬಳ್ಳಿಗೆ ಓಡಾಟ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಮೂರು ವಾರಕ್ಕೊಮ್ಮೆ ಕಿಮೋಥೆರಪಿ. ಎರಡನೆಯ ಸರದಿ ಮುಗಿದು ಮನೆಗೆ ಬಂದ ಹೊತ್ತಿಗೆ ಭಾದ್ರಪದ ಶುಕ್ಲ ಪಂಚಮಿ. ವೈದ್ಯರು ಹೊತ್ತುಹೊತ್ತಿಗೆ ಉಣ್ಣಬೇಕು, ನೀರು ಕುಡಿಯಬೇಕು, ರಾತ್ರಿ ಮಲಗುವ ಮುನ್ನ ಮಾತ್ರೆ ತೆಗೆದುಕೊಳ್ಳಬೇಕು ಎಂದು ಹೇಳಿ ಕಳಿಸಿದ್ದಾರೆ. ಅವಳು ಮಾತ್ರ, “ಮೈ ಹೋದರೂ ಹೋಗಲಿ, ನೋಂಪಿ ಕೆಡಬಾರದು” ಎನ್ನುತ್ತಾಳೆ. ಮಗನು ಸಂಕಟದಿಂದ, “ಅವ್ವಾ, ನೀನು ಉಣ್ಣದಿದ್ದರೆ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ” ಎಂದು ಹಟ ಹಿಡಿಯುತ್ತಾನೆ. ಸೊಸೆಯು ಎರಡು ಮಾತುಗಳ ನಡುವೆ ತಟ್ಟೆ ಹಿಡಿದು ನಿಲ್ಲುತ್ತಾಳೆ. ಇಲ್ಲಿ ಯಾರೂ ಕೆಟ್ಟವರಲ್ಲ. ತಾಯಿಯಲ್ಲಿ ಶ್ರದ್ಧೆಯಿದೆ, ಮಗನಲ್ಲಿ ಪ್ರೀತಿಯಿದೆ. ಆದರೂ ಮನೆಯಲ್ಲಿ ಶಾಂತಿಯಿಲ್ಲ.

ಈ ತಾಯಿಯ ಮಾತಿಗೆ ಆಧಾರವಿಲ್ಲವೆಂದು ತಳ್ಳಿಹಾಕುವಂತಿಲ್ಲ. ಕನ್ನಡದ ಪ್ರಾಚೀನ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ಸನತ್ಕುಮಾರನ ಕಥೆಯಿದೆ. ಚಕ್ರವರ್ತಿ ಪದವಿಯನ್ನು ತೊರೆದು ಮುನಿಯಾದ ಅವನ ಮೈಯನ್ನು ನಾನಾ ವ್ಯಾಧಿಗಳು ಮುತ್ತಿದುವು. ದೇವತೆಗಳು ವೈದ್ಯರ ವೇಷದಲ್ಲಿ ಬಂದು ಚಿಕಿತ್ಸೆ ಮಾಡುವೆವೆಂದಾಗ, ಸಂಸಾರವೆಂಬ ವ್ಯಾಧಿಯನ್ನು ಕಳೆಯಬಲ್ಲ ಮದ್ದು ನಿಮ್ಮಲ್ಲಿದೆಯೇ ಎಂಬ ಭಾವದ ಪ್ರಶ್ನೆಯಿಂದ ಅವರನ್ನು ನಿರುತ್ತರರನ್ನಾಗಿ ಮಾಡಿದನೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಕೇಳಿ ಬೆಳೆದವರಿಗೆ ಔಷಧಿಯನ್ನು ನಿರಾಕರಿಸುವುದೇ ಧೈರ್ಯದ ಪರಮಾವಧಿಯೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಸನತ್ಕುಮಾರನು ಸರ್ವಸಂಗ ಪರಿತ್ಯಾಗಿಯಾದ ಮಹಾಮುನಿ. ದೇಹದ ಮೇಲಿನ ಮಮತೆಯನ್ನು ಅವನು ವ್ಯಾಧಿ ಬರುವ ಮೊದಲೇ ಬಿಟ್ಟಿದ್ದನು. ವ್ಯಾಧಿಯ ಭಯದಿಂದಲೋ ಚಿಕಿತ್ಸೆಯ ಬೇಸರದಿಂದಲೋ ಬಿಟ್ಟವನಲ್ಲ. ಅಣುವ್ರತಿಯಾದ ಗೃಹಸ್ಥನು ಮಹಾವ್ರತಿಯ ಕೊನೆಯ ಮೆಟ್ಟಿಲನ್ನು ಮೊದಲಿಗೇ ಹತ್ತಹೊರಟರೆ ಅದು ಸಾಧನೆಯಾಗಲಾರದು.

ಇದೇ ಪರಂಪರೆಯಲ್ಲಿ ಇನ್ನೊಂದು ಕಥೆಯೂ ಇದೆ. ಅದು ಸ್ವಾಮಿ ಸಮಂತಭದ್ರರದು. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ವ್ಯಾಧಿ ತಗುಲಿತು. ತಿಂದುದೆಲ್ಲ ಬೂದಿಯಾಗಿ ಹಸಿವು ತೀರದ ರೋಗವದು. ಮುನಿಚರ್ಯೆಯ ಮಿತಾಹಾರದಿಂದ ಅದು ಶಮನವಾಗುವಂತಿರಲಿಲ್ಲ. ವ್ರತಕ್ಕೆ ಕುಂದು ಬರುವ ಮೊದಲೇ ಸಲ್ಲೇಖನವನ್ನು ಕೈಗೊಳ್ಳುವೆನೆಂದು ಅವರು ಗುರುಗಳ ಅನುಮತಿಯನ್ನು ಬೇಡಿದರು. ಗುರುಗಳು ಅನುಮತಿಯನ್ನು ಕೊಡಲಿಲ್ಲ. ನಿನ್ನಿಂದ ಧರ್ಮಪ್ರಭಾವನೆಯಾಗಬೇಕಾಗಿದೆ; ಸದ್ಯಕ್ಕೆ ಈ ವೇಷವನ್ನು ಬಿಟ್ಟು, ಬೇಕಾದ ಆಹಾರವನ್ನು ಸೇವಿಸಿ, ರೋಗವನ್ನು ಕಳೆದುಕೊಂಡು ಬಾ; ಬಳಿಕ ಪ್ರಾಯಶ್ಚಿತ್ತಪೂರ್ವಕವಾಗಿ ಮತ್ತೆ ದೀಕ್ಷೆ ಪಡೆಯಬಹುದು ಎಂಬುದು ಅವರ ಆದೇಶದ ಸಾರ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ಬರೆದ ರಾಜಾವಳಿ ಕಥೆಯೂ ಈ ವೃತ್ತಾಂತವನ್ನು ಹೇಳುತ್ತದೆ. ಶಿಷ್ಯನು ಗುರುವಿನ ಮಾತಿನಂತೆ ನಡೆದನು, ಗುಣಹೊಂದಿದನು, ಮರಳಿ ಮುನಿಯಾದನು. ಅಂದು ಗುರುವು ಒಪ್ಪಿಗೆ ಕೊಟ್ಟಿದ್ದರೆ ಜೈನ ಸಮಾಜವು ಒಬ್ಬ ಶ್ರೇಷ್ಠ ಆಚಾರ್ಯನನ್ನೂ ಅವನ ಕೃತಿಗಳನ್ನೂ ಕಳೆದುಕೊಳ್ಳುತ್ತಿತ್ತು.

ಆ ಸಮಂತಭದ್ರರೇ ಶ್ರಾವಕರ ಮನೆಮನೆಯ ಗ್ರಂಥವಾದ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಲಕ್ಷಣವನ್ನು ಹೇಳಿದವರು. ಉಪಸರ್ಗ, ದುರ್ಭಿಕ್ಷ, ವೃದ್ಧಾಪ್ಯ, ರೋಗ ಇವು ಒದಗಿದಾಗ, ಅದೂ ಪ್ರತೀಕಾರವಿಲ್ಲದ ರೀತಿಯಲ್ಲಿ ಒದಗಿದಾಗ, ಧರ್ಮಾರ್ಥವಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಅವರ ಅಭಿಪ್ರಾಯ. ಇಲ್ಲಿ ‘ಪ್ರತೀಕಾರವಿಲ್ಲದ’ ಎಂಬ ವಿಶೇಷಣವು ಇಡೀ ವಿಚಾರದ ಕೀಲಿಕೈ. ಉಪಾಯವಿರುವ ರೋಗಕ್ಕೆ ಉಪಾಯವನ್ನು ಮಾಡತಕ್ಕದ್ದೆಂಬುದು ಅದರಲ್ಲಿಯೇ ಅಡಗಿದೆ. ಕ್ಷಯರೋಗವು ಒಂದು ಕಾಲದಲ್ಲಿ ಪ್ರತೀಕಾರವಿಲ್ಲದ ವ್ಯಾಧಿಯಾಗಿತ್ತು. ಇಂದು ಸಾಮಾನ್ಯ ಕ್ಷಯವು ಆರು ತಿಂಗಳು ತಪ್ಪದೆ ಔಷಧಿ ಸೇವಿಸಿದರೆ ವಾಸಿಯಾಗುತ್ತದೆ. ಎಷ್ಟೋ ಕ್ಯಾನ್ಸರುಗಳು ಬೇಗನೆ ಗೊತ್ತಾದರೆ ಗುಣವಾಗುತ್ತವೆ. ಮೂತ್ರಪಿಂಡಗಳು ಕೆಟ್ಟವರು ಡಯಾಲಿಸಿಸ್ ಆಶ್ರಯದಲ್ಲಿ ವರ್ಷಗಟ್ಟಲೆ ಬಾಳುತ್ತಾರೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಅಜ್ಜನ ಕಾಲದಲ್ಲಿ ಉಪಾಯವಿಲ್ಲದಿದ್ದ ರೋಗಕ್ಕೆ ಮೊಮ್ಮಗನ ಕಾಲದಲ್ಲಿ ಉಪಾಯವಿದ್ದರೆ, ಶಾಸ್ತ್ರದ ಮಾತು ಬದಲಾಗಲಿಲ್ಲ; ಆ ಮಾತು ಅನ್ವಯಿಸುವ ಸ್ಥಿತಿ ಬದಲಾಯಿತು ಎಂದು ತಿಳಿಯತಕ್ಕದ್ದು.

ಸಲ್ಲೇಖನದ ಮಹಿಮೆ ಇದರಿಂದ ಕಡಿಮೆಯಾಗುವುದಿಲ್ಲ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಪರಿಸರದಲ್ಲಿ 1872ರಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು, ಕಣ್ಣಿನ ದೃಷ್ಟಿ ಮಂದವಾಗಿ ಜೀವರಕ್ಷಣೆಯಿಂದ ಕೂಡಿದ ಮುನಿಚರ್ಯೆಯನ್ನು ನಡೆಸುವುದು ಅಸಾಧ್ಯವೆನಿಸಿದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, ಆ ವರ್ಷದ ಸೆಪ್ಟೆಂಬರ್ 18ರಂದು ಸಮಾಧಿಮರಣವನ್ನು ಹೊಂದಿದರು. ಅದು ಒಂದು ಜೀವಮಾನದ ಸಾಧನೆಯ ಕಳಶ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ಎಣಿಸಿದಾಗ ದೇಶದ ಜೈನರೆಲ್ಲ ನೊಂದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆಯನ್ನು ಕೊಟ್ಟಿತು. ಸಲ್ಲೇಖನವನ್ನು ಆತ್ಮಹತ್ಯೆಯೆಂದು ಕರೆಯುವವರು ಎಡವಿದಂತೆಯೇ, ಗುಣವಾಗಬಲ್ಲ ರೋಗದಲ್ಲಿ ಹೆದರಿ ಆಹಾರ ಬಿಡುವುದನ್ನು ಸಲ್ಲೇಖನವೆಂದು ಕರೆಯುವವರೂ ಎಡವುತ್ತಾರೆ. ಇಬ್ಬರೂ ಹೊರಗಣ ಕ್ರಿಯೆಯನ್ನು ನೋಡಿದರು. ಒಳಗಣ ಭಾವವನ್ನು ನೋಡಲಿಲ್ಲ.

ರೋಗವು ಅಸಾತಾ ವೇದನೀಯ ಕರ್ಮದ ಫಲವಾದುದರಿಂದ ಅದನ್ನು ಅನುಭವಿಸಿಯೇ ತೀರಿಸಬೇಕು, ಔಷಧಿಯೇಕೆ ಎಂದು ಕೆಲವರು ಕೇಳುವುದುಂಟು. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು, ಹಸಿವೂ ಒಂದು, ಬಾಯಾರಿಕೆಯೂ ಒಂದು; ಇವೆಲ್ಲ ವೇದನೀಯ ಕರ್ಮದಿಂದಲೇ ಹುಟ್ಟುವುವೆಂದು ತತ್ತ್ವಾರ್ಥಸೂತ್ರವು ವಿವರಿಸುತ್ತದೆ. ಹಸಿವಿಗೆ ಅನ್ನವನ್ನು, ಬಾಯಾರಿಕೆಗೆ ನೀರನ್ನು ಧರ್ಮವಿರುದ್ಧವೆಂದು ಯಾವ ಗೃಹಸ್ಥನೂ ಹೇಳುವುದಿಲ್ಲ. ಅಂದಮೇಲೆ ರೋಗಕ್ಕೆ ಔಷಧಿ ಮಾತ್ರ ಧರ್ಮವಿರುದ್ಧವಾಗುವುದೆಂತು? ಶಾಸ್ತ್ರವು ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದೆ. ಅದಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೇಳಿದೆ. ಕೊಡುವುದು ಪುಣ್ಯವೆನಿಸಿದ ವಸ್ತುವನ್ನು ಕೊಳ್ಳುವುದು ಪಾಪವಾಗಲಾರದು. ಜೈನಾಚಾರ್ಯರು ವೈದ್ಯಶಾಸ್ತ್ರವನ್ನು ದೂರವಿಡಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಅಹಿಂಸೆಯನ್ನು ಬಿಡದೆ ಆರೋಗ್ಯವನ್ನು ಕಾಯುವ ಮಾರ್ಗವನ್ನು ಹುಡುಕಿದುದು ಇವರ ಹಿರಿಮೆ.

ಹಾಗಾದರೆ ಆ ಗೃಹಿಣಿಯ ನೋಂಪಿಯ ಗತಿಯೇನು? ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ಶೀಲವ್ರತಗಳಲ್ಲಿ ಅತಿಚಾರ ಬಾರದಂತೆ ನಡೆಯುವುದು ಒಂದು. ಅದೇ ಪಟ್ಟಿಯಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ, ಎಂದರೆ ಶಕ್ತಿಗೆ ತಕ್ಕಷ್ಟು ತ್ಯಾಗ, ಶಕ್ತಿಗೆ ತಕ್ಕಷ್ಟು ತಪಸ್ಸು ಎಂಬಿವೂ ಇವೆ. ಪ್ರತಿವರ್ಷ ಈ ಹದಿನಾರನ್ನೂ ಪೂಜಿಸುವವರು ಮೊದಲನೆಯದನ್ನು ನೆನೆದು ಉಳಿದವನ್ನು ಮರೆಯಬಾರದು. ಶಕ್ತಿಯನ್ನು ಬಚ್ಚಿಟ್ಟು ತಪಸ್ಸಿನಿಂದ ತಪ್ಪಿಸಿಕೊಳ್ಳುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸಿ ದೇಹವನ್ನು ಕೆಡವಿ ಬಳಿಕ ನರಳುತ್ತ ಆರ್ತಧ್ಯಾನದಲ್ಲಿ ಬೀಳುವುದೂ ಹಾಗೆಯೇ ದೋಷ. ನೋವನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದು. ಉಪವಾಸದ ಉದ್ದೇಶವು ಕಷಾಯಗಳನ್ನು ಕೃಶಮಾಡುವುದು. ಕಷಾಯವು ಹೆಚ್ಚಿ ದೇಹವು ಮಾತ್ರ ಕೃಶವಾದರೆ ಅದು ಹಸಿದಿರುವುದೇ ಹೊರತು ಉಪವಾಸವಲ್ಲ.

ತಪಸ್ಸುಗಳು ಹನ್ನೆರಡು. ಅವುಗಳಲ್ಲಿ ಅನಶನವು ಒಂದು ಮಾತ್ರ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಗಳಿಗೆ ಹೊಟ್ಟೆಯನ್ನು ಬರಿದಾಗಿಡಬೇಕೆಂಬ ಕಟ್ಟಳೆಯಿಲ್ಲ. ಮಲಗಿದಲ್ಲಿಯೇ ಪಂಚನಮಸ್ಕಾರವನ್ನು ಜಪಿಸಬಹುದು. ಮೊಮ್ಮಗಳು ಓದಿದುದನ್ನು ಕೇಳಬಹುದು. ಸೂಜಿ ಚುಚ್ಚುವ ಹೊತ್ತಿನಲ್ಲಿ ದೇಹ ಬೇರೆ, ಆತ್ಮ ಬೇರೆ ಎಂಬ ಭೇದಜ್ಞಾನವನ್ನು ಅಭ್ಯಾಸ ಮಾಡಬಹುದು. ಆಸ್ಪತ್ರೆಯ ಸಾಲಿನಲ್ಲಿ ಗಂಟೆಗಟ್ಟಲೆ ಕಾದಾಗ ಸಿಡುಕದಿರುವುದು ಉತ್ತಮ ಕ್ಷಮೆಯ ಪಾಠ. ಕೂದಲು ಉದುರಿ ಕನ್ನಡಿಯ ಮುಂದೆ ನಿಂತಾಗ ಕುಗ್ಗದಿರುವುದು ಉತ್ತಮ ಮಾರ್ದವದ ಪಾಠ. ದಶಲಕ್ಷಣದ ಹತ್ತು ಧರ್ಮಗಳನ್ನು ಹತ್ತು ದಿನ ಆಚರಿಸಲು ರುಗ್ಣಶಯ್ಯೆಗಿಂತ ಕಠಿಣವಾದ ಬಸದಿ ಯಾವುದಿದೆ?

ವ್ರತಿಯು ನಿಃಶಲ್ಯನಾಗಿರಬೇಕೆಂದು ಉಮಾಸ್ವಾತಿ ಆಚಾರ್ಯರು ವಿಧಿಸಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳು ಆರೋಗ್ಯವಂತನಿಗಿಂತ ರೋಗಿಯನ್ನು ಬೇಗ ಚುಚ್ಚುತ್ತವೆ. ಮನೆಯವರ ಕಣ್ಣು ತಪ್ಪಿಸಿ ಮಾತ್ರೆಯನ್ನು ದಿಂಬಿನ ಕೆಳಗೆ ಸೇರಿಸುವುದು, ಉಂಡೆನೆಂದು ವೈದ್ಯರಿಗೆ ಸುಳ್ಳು ಹೇಳಿ ಉಪವಾಸವಿರುವುದು ಮಾಯೆ. ಅದರಿಂದ ಒಂದು ನಿಯಮ ಉಳಿದಂತೆ ತೋರಿದರೂ ಸತ್ಯಾಣುವ್ರತವು ಕೆಡುತ್ತದೆ. ವೈದ್ಯನು ಆ ಸುಳ್ಳನ್ನು ನಂಬಿ ಔಷಧಿಯ ಪ್ರಮಾಣವನ್ನು ಹೆಚ್ಚಿಸಿದರೆ ಪ್ರಾಣಕ್ಕೂ ಸಂಚಕಾರ. ಇನ್ನು, ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಯಾವುದೋ ಪವಾಡವನ್ನು ನಂಬಿ ಊರೂರು ಅಲೆಯುವುದು ಮಿಥ್ಯಾತ್ವ. ಗುಣವಾದರೆ ಇಂತಹ ವಿಧಾನವನ್ನು ಮಾಡಿಸುವೆನು ಎಂದು ಧರ್ಮದೊಡನೆ ವ್ಯಾಪಾರಕ್ಕಿಳಿಯುವುದು ನಿದಾನ. ಮೈನಾಸುಂದರಿಯ ಕಥೆಯನ್ನು ಇದಕ್ಕೆ ಉದಾಹರಿಸುವವರಿದ್ದಾರೆ. ಕುಷ್ಠರೋಗಿಯಾದ ಪತಿ ಶ್ರೀಪಾಲನಿಗಾಗಿ ಅವಳು ಸಿದ್ಧಚಕ್ರದ ಆರಾಧನೆಯನ್ನು ಮಾಡಿದಳು, ಗಂಧೋದಕದಿಂದ ಅವನೂ ಅವನ ಏಳುನೂರು ಸಂಗಡಿಗರೂ ಗುಣಹೊಂದಿದರು ಎಂಬುದು ಪ್ರಸಿದ್ಧ. ಆದರೆ ಗುಣವಾಗುವ ಮೊದಲೇ ಅವಳು ಅವನನ್ನು ಗಂಡನೆಂದು ಒಪ್ಪಿದಳು, ಹೇಸದೆ ಉಪಚರಿಸಿದಳು. ತಂದೆಯನ್ನು ದೂಷಿಸದೆ ಅದು ತನ್ನ ಕರ್ಮೋದಯವೆಂದು ನಂಬಿದಳು. ಕಥೆಯಿಂದ ಗಂಧೋದಕವನ್ನು ಮಾತ್ರ ತೆಗೆದುಕೊಂಡು ಉಪಚಾರವನ್ನು ಬಿಟ್ಟರೆ ಅದು ಅರ್ಧ ಕಥೆಯಷ್ಟೆ.

ಮುಳ್ಳುಗಳನ್ನು ಕಿತ್ತ ಮೇಲೆ ದಾರಿ ಸುಗಮವಾಗುತ್ತದೆ. ಸಮಂತಭದ್ರರು ತ್ಯಾಗವನ್ನು ಯಮ, ನಿಯಮ ಎಂದು ಎರಡಾಗಿ ವಿಂಗಡಿಸಿದ್ದಾರೆ. ಜೀವವಿರುವವರೆಗೆ ಹಿಡಿದುದು ಯಮ. ಕಾಲದ ಮಿತಿಯಿಟ್ಟು ಹಿಡಿದುದು ನಿಯಮ. ಮದ್ಯ ಮಾಂಸ ಮಧುಗಳ ತ್ಯಾಗದಂತಹ ಯಮಗಳನ್ನು ರೋಗಿಯೂ ಕಾಪಾಡಿಕೊಳ್ಳಬೇಕು. ಅದಕ್ಕಾಗಿ ಚಿಕಿತ್ಸೆಯ ಆರಂಭದಲ್ಲಿಯೇ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. ಅನೇಕ ಕ್ಯಾಪ್ಸೂಲುಗಳ ಹೊದಿಕೆಯಾದ ಜೆಲಾಟಿನ್ ಪ್ರಾಣಿಗಳ ಎಲುಬು ಚರ್ಮಗಳಿಂದ ಬರುತ್ತದೆ. ಕೆಲವು ಟಾನಿಕ್‌ಗಳಲ್ಲಿ ಮದ್ಯಸಾರವಿರುತ್ತದೆ. ಅದೇ ಔಷಧಿಯು ಮಾತ್ರೆಯ ರೂಪದಲ್ಲಿ ದೊರೆಯುವುದೇ ಎಂದು ವಿಚಾರಿಸಿದರೆ ಬಹಳ ಸಲ ಪರಿಹಾರ ಸಿಗುತ್ತದೆ. ಮಧುಮೇಹದ ಇನ್ಸುಲಿನ್ ಒಮ್ಮೆ ಪ್ರಾಣಿಗಳ ಗ್ರಂಥಿಯಿಂದ ಬರುತ್ತಿತ್ತು. ಇಂದು ಬಳಕೆಯಲ್ಲಿರುವುದು ಹೆಚ್ಚಾಗಿ ಸೂಕ್ಷ್ಮಾಣುಗಳ ನೆರವಿನಿಂದ ಪ್ರಯೋಗಶಾಲೆಯಲ್ಲಿ ತಯಾರಾದುದು. ಡಯಾಲಿಸಿಸ್ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಪ್ರಾಣಿಮೂಲದ್ದು. ಅದಿಲ್ಲದೆ ನಡೆಸಲು ಸಾಧ್ಯವೇ ಎಂಬುದನ್ನು ವೈದ್ಯರೇ ಹೇಳಬೇಕು. ಬೇರೆ ಮಾರ್ಗವೇ ಇಲ್ಲದಲ್ಲಿ ಏನು ಮಾಡತಕ್ಕದ್ದೆಂಬುದನ್ನು ತಾನೇ ನಿರ್ಧರಿಸದೆ ಗುರುಗಳ ಬಳಿ ಆಲೋಚನೆ ಮಾಡಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಕೈಗೊಳ್ಳುವುದು ಲೇಸು.

ರಾತ್ರಿಯ ಮಾತ್ರೆಯ ವಿಷಯವೂ ಹೀಗೆಯೇ. ದಿನಕ್ಕೆರಡು ಸಲ ತೆಗೆದುಕೊಳ್ಳುವ ಎಷ್ಟೋ ಔಷಧಿಗಳನ್ನು ಸೂರ್ಯೋದಯದ ಬಳಿಕ ಒಂದು, ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲು ಒಂದು ಎಂದು ಹೊಂದಿಸಲು ವೈದ್ಯರು ಒಪ್ಪುತ್ತಾರೆ. ಒಪ್ಪದಿದ್ದಲ್ಲಿ ಹಟ ಸಲ್ಲದು. ಕಿಮೋಥೆರಪಿಯ ನಂತರದ ದಿನಗಳಲ್ಲಿ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ ಬಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಧಾವಿಸಬೇಕಾಗುತ್ತದೆ. ಕೆಲವು ಔಷಧಿಗಳು ಸಾಕಷ್ಟು ನೀರಿಲ್ಲದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಇನ್ಸುಲಿನ್ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆಯ ಅಂಶ ಕುಸಿದು ಪ್ರಜ್ಞೆ ತಪ್ಪುತ್ತದೆ. ಕ್ಷಯದ ಔಷಧಿಯನ್ನು ಆಗಾಗ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ಹುಟ್ಟಿ ಮನೆಯ ಕೂಸುಗಳಿಗೂ ಹರಡಬಹುದು. ಆಗ ಒಬ್ಬರ ಉಪವಾಸವು ಅನ್ಯರ ಹಿಂಸೆಗೆ ಕಾರಣವಾಗುತ್ತದೆ. ಸಂತೋಷದ ಸಂಗತಿಯೆಂದರೆ, ಶ್ರಾವಕಾಚಾರದ ಬಹುಪಾಲು ನಡೆಗಳು ರೋಗಿಗೆ ಹಿತವೇ ಆಗಿವೆ. ಸೋಸಿ ಕಾಯಿಸಿದ ನೀರು, ಅಂದಂದಿಗೆ ಮಾಡಿದ ಬಿಸಿ ಅಡುಗೆ, ಹಳಸಿದುದರ ವರ್ಜನೆ, ಕೈಕಾಲು ಶುಚಿಯಾಗಿಟ್ಟು ಬಡಿಸುವುದು ಇವುಗಳನ್ನೇ ವೈದ್ಯರೂ ಹೇಳುತ್ತಾರೆ.

ಆ ಗೃಹಿಣಿಯು ಚಿಕಿತ್ಸೆ ಮುಗಿಯುವವರೆಗೆ ಎಂದು ಕಾಲವನ್ನು ಗೊತ್ತುಮಾಡಿ, ಗುರುಸಾಕ್ಷಿಯಾಗಿ, ಅವರು ದೂರವಿದ್ದರೆ ಜಿನಬಿಂಬದ ಮುಂದೆ, ತನ್ನ ಶಕ್ತಿಗೆ ತಕ್ಕ ನಿಯಮವನ್ನು ಹಿಡಿಯಬಹುದು. ಔಷಧಿ ಮತ್ತು ನೀರನ್ನುಳಿದು ರಾತ್ರಿ ಬೇರೇನೂ ಒಲ್ಲೆ ಎಂಬುದು ಒಂದು ನಿಯಮ. ಇಷ್ಟವಾದ ಒಂದು ರಸವನ್ನು, ವೈದ್ಯರು ಬೇಡವೆನ್ನದಿದ್ದರೆ, ಹತ್ತು ದಿನ ಬಿಡುವುದು ಇನ್ನೊಂದು. ಎರಡು ಗಳಿಗೆ ಮೌನ, ಒಂದು ಮಾಲೆ ಜಪ, ಸಿಟ್ಟಿನ ಮಾತಿಗೆ ತಡೆ ಇವೂ ನಿಯಮಗಳೇ. ಬಿಟ್ಟುಹೋದ ನೋಂಪಿಯನ್ನು ಗುಣವಾದ ಮೇಲೆ ಮತ್ತೆ ಹಿಡಿಯಲು ಸಾಧ್ಯ. ಸಮಂತಭದ್ರರಿಗೇ ಮತ್ತೆ ದೀಕ್ಷೆ ದೊರೆಯಿತು. ಶ್ರಾವಿಕೆಗೆ ಮತ್ತೆ ನೋಂಪಿ ದೊರೆಯದೆ?

ಇನ್ನು ಮನೆಯವರ ಮಾತು. ಒಬ್ಬರ ಕರ್ಮವನ್ನು ಇನ್ನೊಬ್ಬರು ತೆಗೆದುಕೊಳ್ಳಲಾರರು ಎಂಬುದು ಜೈನ ಸಿದ್ಧಾಂತದ ಅಡಿಗಲ್ಲು. ಮಗನು ಉಪವಾಸ ಮಾಡಿದರೆ ತಾಯಿಯ ಅಸಾತಾ ಕರ್ಮ ಕಳೆಯುವುದಿಲ್ಲ. ‘ನೀನು ಉಣ್ಣದಿದ್ದರೆ ನಾವೂ ಉಣ್ಣೆವು’ ಎಂಬ ಮಾತಿನಲ್ಲಿ ಪ್ರೀತಿಯಿದ್ದರೂ ಒತ್ತಾಯವೂ ಇದೆ. ಅದು ರೋಗಿಯ ಎದೆಯ ಮೇಲೆ ಇನ್ನೊಂದು ಕಲ್ಲನ್ನು ಹೇರುತ್ತದೆ. ಹಾಗಾದರೆ ಕುಟುಂಬದಿಂದ ದೊರೆಯುವ ಬಲವು ಯಾವುದು? ಅದಕ್ಕೆ ವೈಯಾವೃತ್ಯವೆಂದು ಹೆಸರು. ಮುನಿಸಂಘದಲ್ಲಿ ಸೇವೆಗೆ ಅರ್ಹರಾದ ಹತ್ತು ಬಗೆಯವರನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಗ್ಲಾನನನ್ನು, ಎಂದರೆ ರೋಗದಿಂದ ಬಳಲಿದವನನ್ನು ಸೇರಿಸಿದೆ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ರಾಜನು, ಪರೀಕ್ಷಿಸಲು ರೋಗಿ ಮುನಿಯ ರೂಪದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗಲೂ ಹೇಸದೆ, ರಾಣಿ ಪ್ರಭಾವತಿಯೊಡನೆ ತೊಳೆದು ಉಪಚರಿಸಿದನು. ಕಿಮೋಥೆರಪಿಯ ರಾತ್ರಿಗಳಲ್ಲಿ ಅತ್ತೆಗೆ ವಾಂತಿಯಾದಾಗ ಪಾತ್ರೆ ಹಿಡಿದು, ಬೆನ್ನು ಸವರಿ, ನೆಲ ಒರೆಸುವ ಸೊಸೆಯು ಆ ರಾಜದಂಪತಿಗಳ ಸಾಲಿನಲ್ಲಿಯೇ ನಿಲ್ಲುತ್ತಾಳೆ. ಅಂದು ಅವಳಿಗೆ ಬಸದಿಗೆ ಹೋಗಲು ಬಿಡುವಾಗದಿದ್ದರೆ ಪೂಜೆ ತಪ್ಪಿತೆಂದು ಕೊರಗಬೇಕಾಗಿಲ್ಲ. ತಪಸ್ಸು ಅಲ್ಲಿಯೇ ನಡೆಯಿತು.

ರೋಗಿಗೂ ಒಂದು ಬಾಗಿಲು ತೆರೆದೇ ಇದೆ. ಕೃತ, ಕಾರಿತ, ಅನುಮೋದನೆ ಎಂದು ಕರ್ಮಕ್ಕೆ ಮೂರು ದಾರಿಗಳು. ಆದಿಪುರಾಣದಲ್ಲಿ ವಜ್ರಜಂಘ ಶ್ರೀಮತಿಯರು ಚಾರಣ ಮುನಿಗಳಿಗೆ ಆಹಾರದಾನ ಮಾಡುವಾಗ ಹುಲಿ, ಹಂದಿ, ಕೋತಿ, ಮುಂಗುಸಿಗಳು ನೋಡುತ್ತ ನಿಂತಿದ್ದುವು. ಕೊಡಲು ಅವುಗಳ ಬಳಿ ಏನೂ ಇರಲಿಲ್ಲ. ಮನಸ್ಸಿನಿಂದ ಮೆಚ್ಚಿದುವು, ಅಷ್ಟರಿಂದಲೇ ಭೋಗಭೂಮಿಯಲ್ಲಿ ಜನ್ಮವನ್ನು ಪಡೆದುವು. ತಾನು ಉಪವಾಸ ಮಾಡಲಾರದ ತಾಯಿಯು, ಮಗಳು ಮಾಡುವ ಉಪವಾಸವನ್ನು ಕಂಡು, ‘ನನ್ನ ಕೈಲಾಗಲಿಲ್ಲ’ ಎಂದು ಕರುಬದೆ, ಮನಸಾರೆ ಮೆಚ್ಚಿ ಪಾರಣೆಯ ದಿನ ಅವಳ ತಲೆಯ ಮೇಲೆ ಕೈಯಿಟ್ಟರೆ, ಆ ಭಾವವು ಅವಳ ಸ್ವಂತದ ಗಳಿಕೆ. ಅದನ್ನು ಯಾರಿಂದಲೂ ಸಾಲ ಪಡೆದುದಲ್ಲ. ಅದೇ ರೀತಿ ಅವಳ ಸಹನೆಯನ್ನು ಕಂಡು ಮನೆಯವರು ಮೆಚ್ಚಿದರೆ ಅದು ಅವರ ಗಳಿಕೆ. ಕರ್ಮವು ಅವರವರದೇ ಆದರೂ ಒಬ್ಬರ ಒಳ್ಳೆಯ ಭಾವವು ಇನ್ನೊಬ್ಬರಲ್ಲಿ ಒಳ್ಳೆಯ ಭಾವವನ್ನು ಹುಟ್ಟಿಸುವ ನಿಮಿತ್ತವಾಗುತ್ತದೆ. ಕುಟುಂಬದ ಬಲವೆಂಬುದು ಇದೇ.

ಎಲ್ಲ ಚಿಕಿತ್ಸೆಯೂ ಫಲಿಸುವುದಿಲ್ಲ ಎಂಬುದನ್ನೂ ಮರೆಮಾಚಬಾರದು. ವೈದ್ಯರು ಇನ್ನು ಉಪಾಯವಿಲ್ಲವೆಂದು ಹೇಳುವ ದಿನ ಬಂದರೆ, ಅದನ್ನು ರೋಗಿಯಿಂದ ಬಚ್ಚಿಡುವುದು ಮಮತೆಯಂತೆ ತೋರಿದರೂ, ಸಮಾಧಿಗೆ ಸಿದ್ಧವಾಗುವ ಅವಕಾಶವನ್ನು ಅವರಿಂದ ಕಿತ್ತುಕೊಂಡಂತೆ. ಆ ಸ್ಥಿತಿಯಲ್ಲಿ ಏನನ್ನು ಬಿಡಬೇಕು, ಎಷ್ಟನ್ನು ಬಿಡಬೇಕು ಎಂಬುದು ಗುರುಗಳ ಸನ್ನಿಧಿಯಲ್ಲಿ, ರೋಗಿಯ ಸ್ವಂತ ಮನಸ್ಸಿನಿಂದ, ಬಂಧುಗಳ ಒಪ್ಪಿಗೆಯಿಂದ ತೀರ್ಮಾನವಾಗತಕ್ಕ ವಿಷಯ. ಚಿಕಿತ್ಸೆಯ ಕಾಲದಲ್ಲಿ ಶಾಂತಿಯನ್ನು ಕಲಿತವನಿಗೆ ಆ ದಿನವೂ ಅಪರಿಚಿತವೆನಿಸದು.

ದಶಲಕ್ಷಣದ ಹತ್ತು ದಿನಗಳು ಕಳೆದ ಮೇಲೆ ಕ್ಷಮಾವಾಣಿ ಬರುತ್ತದೆ. ದೀರ್ಘ ರೋಗವಿರುವ ಮನೆಯಲ್ಲಿ ಕ್ಷಮೆ ಕೇಳಬೇಕಾದ ಸಂಗತಿಗಳು ಬಹಳ. ನೋವಿನ ಭರದಲ್ಲಿ ತಾಯಿ ತಟ್ಟೆಯನ್ನು ದೂಡಿರುತ್ತಾಳೆ. ದಣಿದ ಸೊಸೆ ಒಂದು ಮಾತನ್ನು ಒರಟಾಗಿ ಆಡಿರುತ್ತಾಳೆ. ಖರ್ಚಿನ ಚಿಂತೆಯಲ್ಲಿ ಮಗನು ಮುಖ ಗಂಟಿಕ್ಕಿರುತ್ತಾನೆ. ಆ ಊಹೆಯ ಮನೆಯಲ್ಲಿ ಅಂದು ತಾಯಿಯು ಸೊಸೆ ತಂದ ಗಂಜಿಯನ್ನು ಹೊತ್ತು ಮುಳುಗುವ ಮೊದಲೇ ಉಂಡು, ಕೈ ತೊಳೆದು, ಮಗ ಸೊಸೆಯರನ್ನು ಬಳಿಗೆ ಕರೆದು ಕೈಮುಗಿದಳೆಂದು ಎಣಿಸಬಹುದು. ಅವರೂ ಅವಳ ಕಾಲು ಮುಟ್ಟಿದರು. ಆ ವರ್ಷ ಅವಳು ಒಂದು ಉಪವಾಸವನ್ನೂ ಮಾಡಲಿಲ್ಲ. ಆದರೆ ಕೊಪಣದ ಬಂಡೆಗಳ ಮೇಲೆ ಹೆಸರು ಬರೆಯಿಸಿಕೊಂಡ ಮಹಾತ್ಮರು ಯಾವ ಕಷಾಯಗಳನ್ನು ಗೆಲ್ಲಲು ಹೊರಟಿದ್ದರೋ ಅವುಗಳಲ್ಲಿ ಒಂದು ಎಳೆ ಆ ಮನೆಯಲ್ಲಿ ಅಂದು ಸಡಿಲವಾಯಿತು. ವ್ರತದ ಫಲವೆಂದರೆ ಅದಲ್ಲದೆ ಬೇರೆ ಯಾವುದು?